ಹೆಸರು ನಿಮ್ಮದೇ ಇರಲಿ: ‘ಫಸ್ಟ್ ಕಾಪಿ’ ಕಾಲದಲ್ಲಿ ಅಂಗಡಿ ಕಟ್ಟುವವರಿಗೆ ಸೂತ್ರಗಳು

ಬಟ್ಟೆ, ಬ್ಯಾಗು, ಶೂ, ವಾಚು ಮಾರುವ ಹೊಸ ಅಂಗಡಿಯವರಿಗೆ ಮೊದಲ ವರ್ಷದಲ್ಲೇ ಒಂದು ಆಮಿಷ ಎದುರಾಗುತ್ತದೆ. ಏಜೆಂಟ್ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಸುರಿಯುತ್ತಾನೆ: ಗುಚ್ಚಿ ಬೆಲ್ಟು, ಲೂಯಿ ವಿಟಾನ್ ಪರ್ಸು, ನೈಕಿ ಶೂ, ರೋಲೆಕ್ಸ್ ವಾಚು. ಅಸಲಿಯ ಬೆಲೆ ಸಾವಿರ, ಲಕ್ಷಗಳಲ್ಲಿ. ಇವನು ಕೇಳುವುದು ನೂರುಗಳಲ್ಲಿ. “ಫಸ್ಟ್ ಕಾಪಿ ಸಾರ್. ಎಲ್ಲರೂ ಮಾರ್ತಾರೆ, ಏನೂ ಆಗಲ್ಲ” ಎಂಬ ಭರವಸೆ ಬೇರೆ. ಆಗುತ್ತದೆ. ಆದ ದಿನ ಮಾಲು ಕೊಟ್ಟವನ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಕೈಗೆ ಸಿಗುವವನು ಶಟರ್ ಎತ್ತಿ ಕೂತವನು. ಸಾಲ ಮಾಡಿ ಅಂಗಡಿ ಹಾಕಿದ ಹುಡುಗರು, ಮನೆಯಿಂದಲೇ ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರ ಶುರು ಮಾಡಿದ ಹೆಣ್ಣುಮಕ್ಕಳು ಇದರಲ್ಲಿ ಸಿಲುಕಬಾರದು ಎಂಬ ಕಳಕಳಿಯಿಂದ ಇವನ್ನು ಬರೆಯುತ್ತಿದ್ದೇನೆ.

1. ‘ಡೂಪ್ಲಿಕೇಟ್ ಅಂತ ಹೇಳಿಯೇ ಮಾರ್ತೀನಲ್ಲ’ ಎಂಬ ಸಮಾಧಾನ ಬಿಡಿ

ನಮ್ಮ ಮಾರುಕಟ್ಟೆಗಳಲ್ಲಿ ಅತಿ ಹೆಚ್ಚು ಜನರನ್ನು ಕೆಡಿಸಿದ ನಂಬಿಕೆ ಇದು. ಗಿರಾಕಿಗೆ ಮೋಸ ಮಾಡಿಲ್ಲ, ಅಸಲಿ ಅಲ್ಲ ಎಂದು ಬಾಯಿಬಿಟ್ಟು ಹೇಳಿದ್ದೇನೆ, ಅವನೂ ಒಪ್ಪಿ ಕೊಂಡಿದ್ದಾನೆ, ಮತ್ತೆ ತಪ್ಪೆಲ್ಲಿ? ತಪ್ಪು ನಿಮ್ಮ ಮತ್ತು ಗಿರಾಕಿಯ ನಡುವಿನದಲ್ಲ, ನಿಮ್ಮ ಮತ್ತು ಆ ಗುರುತಿನ ಮಾಲೀಕನ ನಡುವಿನದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ನೋಂದಣಿಯಾದ ಗುರುತನ್ನು ಮಾಲೀಕನ ಅನುಮತಿ ಇಲ್ಲದೆ ವ್ಯಾಪಾರದಲ್ಲಿ ಬಳಸುವುದೇ ಉಲ್ಲಂಘನೆ. ಗುರುತೂ ಅದೇ, ಮಾಲಿನ ಬಗೆಯೂ ಅದೇ ಆಗಿದ್ದರೆ ಜನರಿಗೆ ಗೊಂದಲವಾಗುತ್ತದೆ ಎಂದು ಕೋರ್ಟ್ ಭಾವಿಸಿಕೊಳ್ಳಲೇಬೇಕು. ಕಂಪನಿ ಅದಕ್ಕೆ ಪ್ರತ್ಯೇಕ ಸಾಕ್ಷಿ ತರಬೇಕಿಲ್ಲ. ಕೊಂಡವನಿಗೆ ನಿಜ ಗೊತ್ತಿರಬಹುದು. ಅವಳ ಹೆಗಲಲ್ಲಿ, ಅವನ ಕಾಲಲ್ಲಿ ಅದನ್ನು ನೋಡುವ ನೂರು ಜನರಿಗೆ ಗೊತ್ತಿರುವುದಿಲ್ಲ. ಹೆಸರಿಗೆ ಪೆಟ್ಟು ಬೀಳುವುದು ಅಲ್ಲಿ.

‘ಮಾಸ್ಟರ್ ಕಾಪಿ’, ‘ಮಿರರ್ ಕ್ವಾಲಿಟಿ’, ‘7ಎ’ ಎಂದೆಲ್ಲ ಬರೆದ ಚೀಟಿ, ಸ್ಟೇಟಸ್ಸು, ಬೋರ್ಡು ನಿಮ್ಮನ್ನು ಕಾಯುವುದಿಲ್ಲ. ಮಾಲು ನಕಲಿ ಎಂದು ನಿಮಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅವು ನೀವೇ ಬರೆದುಕೊಟ್ಟ ಸಾಕ್ಷಿ.

ಇಟಲಿಯಲ್ಲಿ ನಕಲಿ ಬ್ಯಾಗ್ ಕೊಂಡ ಪ್ರವಾಸಿಗೂ ದಂಡ ಹಾಕುವ ಕಾನೂನಿದೆ. ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆ ಸ್ವಂತ ಬಳಕೆಗೆ ಕೊಂಡವನನ್ನು ಮುಟ್ಟುವುದಿಲ್ಲ. ಇಲ್ಲಿ ಭಾರವೆಲ್ಲ ಮಾರುವವನ ಮೇಲೆ.

2. ಗೋಡೌನಿನಲ್ಲಿ ಇಟ್ಟರೂ ಮಾರಿದ ಹಾಗೆಯೇ

“ಇನ್ನೂ ಒಂದು ಪೀಸೂ ಮಾರಿಲ್ಲ” ಎನ್ನುವುದು ಉತ್ತರವಲ್ಲ. ಗುರುತನ್ನು ಮಾಲಿಗೆ ಅಥವಾ ಪ್ಯಾಕಿಂಗಿಗೆ ಅಂಟಿಸುವುದು, ಮಾಲನ್ನು ಮಾರಾಟಕ್ಕಿಡುವುದು, ಸ್ಟಾಕ್ ಮಾಡುವುದು, ಆಮದು ಅಥವಾ ರಫ್ತು ಮಾಡುವುದು, ಬಿಲ್ಲಿನಲ್ಲಿ ಅಥವಾ ಜಾಹೀರಾತಿನಲ್ಲಿ ಹಾಕುವುದು ಎಲ್ಲವೂ ಕಾನೂನಿನ ಕಣ್ಣಿಗೆ ‘ಬಳಕೆ’. ಗಾಜಿನ ಹಿಂದೆ ತೂಗುಹಾಕಿದ ಒಂದು ಬೆಲ್ಟು ಸಾಕು, ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಒಂದು ಫೋಟೊ ಸಾಕು.

ಇದು ಬರೀ ಸಿವಿಲ್ ವ್ಯಾಜ್ಯವೂ ಅಲ್ಲ. ಸುಳ್ಳು ಗುರುತು ಹಾಕುವವನಿಗೆ 103ನೇ ಸೆಕ್ಷನ್, ಅಂಥ ಮಾಲು ಮಾರುವವನಿಗೆ ಮತ್ತು ಮಾರಲೆಂದು ಇಟ್ಟುಕೊಂಡವನಿಗೆ 104ನೇ ಸೆಕ್ಷನ್. ಎರಡರಲ್ಲೂ ಶಿಕ್ಷೆ ಒಂದೇ: 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಎರಡನೇ ಸಲ ತಪ್ಪಿತಸ್ಥನಾದರೆ ಕನಿಷ್ಠ 1 ವರ್ಷ, ಕನಿಷ್ಠ 1 ಲಕ್ಷ.

3. ಜಾಬ್‌ವರ್ಕ್ ಮಾಡುವವರೇ, ನೀವೂ ಕೇಳಿಸಿಕೊಳ್ಳಿ

ಎಂಬ್ರಾಯ್ಡರಿ ಯೂನಿಟ್, ಟೀ ಶರ್ಟ್ ಪ್ರಿಂಟಿಂಗ್, ಲೇಬಲ್ ನೇಯುವವರು, ಬಾಕ್ಸ್ ಮಾಡುವವರು “ಗಿರಾಕಿ ಫೈಲ್ ಕೊಟ್ಟ, ನಾನು ಹೊಡೆದುಕೊಟ್ಟೆ” ಎಂದುಬಿಡುತ್ತಾರೆ. ಸುಳ್ಳು ಗುರುತು ಹಾಕಲೆಂದು ಡೈ, ಬ್ಲಾಕ್, ಯಂತ್ರ ಮಾಡುವುದೂ ಇಟ್ಟುಕೊಳ್ಳುವುದೂ 103ರಲ್ಲೇ ಅಪರಾಧ. ದೊಡ್ಡ ಬ್ರಾಂಡಿನ ಲೋಗೊ ಹೊಡೆಯಲು ಆರ್ಡರ್ ಬಂದರೆ ಮೊದಲು ಆ ಕಂಪನಿಯ ಅನುಮತಿ ಪತ್ರ ಕೇಳಿ. ಪತ್ರವಿಲ್ಲದಿದ್ದರೆ ಕೆಲಸವೂ ಬೇಡ.

4. ಒಂದಕ್ಷರ ತಿರುಚಿ ಪಾರಾಗಲು ಹೋಗಬೇಡಿ

ಒಂದು ಅಕ್ಷರ ಹೆಚ್ಚು, ಒಂದು ಕಡಿಮೆ, ಹಾರುವ ಬೆಕ್ಕಿನ ಬದಲು ಹಾರುವ ನಾಯಿ. ಪೇಟೆಯಲ್ಲಿ ಇವು ಎಲ್ಲೆಲ್ಲೂ ಕಾಣುತ್ತವೆ ಎಂಬ ಕಾರಣಕ್ಕೆ ಸಕ್ರಮವಾಗುವುದಿಲ್ಲ. ಕಾಯ್ದೆ ನೋಡುವುದು ಪೂರ್ತಿ ಒಂದೇ ಆಗಿದೆಯೇ ಎಂದಲ್ಲ, ಸಾಮಾನ್ಯ ಗಿರಾಕಿ ಮರುಳಾಗುವಷ್ಟು ಹೋಲುತ್ತದೆಯೇ ಎಂದು. ಕಣ್ಣಿಗಷ್ಟೇ ಅಲ್ಲ, ಬಾಯಲ್ಲಿ ಹೇಳಿದಾಗ ಕಿವಿಗೂ ಹೋಲಬಾರದು.

2024ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟ ಒಂದು ಪ್ರಕರಣ ಗಮನಿಸಿ. ಬಟ್ಟೆ ವ್ಯಾಪಾರಿಯೊಬ್ಬ ‘ಅಡಿಡಾಸ್’ ಹೆಸರನ್ನೇ ಬಳಸಿಕೊಂಡು ವ್ಯಾಪಾರ ಕಟ್ಟಿದ್ದ. ಸಿಂಧಿ ಮನೆಮಾತಿನ ಆತ, ಅಕ್ಕನ ಮೇಲಿನ ಭಕ್ತಿಯಿಂದ ಇಟ್ಟ ಹೆಸರು ಇದು ಎಂದು ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ. ಪರಿಹಾರ 3 ಲಕ್ಷ, ಅದರ ಮೇಲೆ ವ್ಯಾಜ್ಯದ ಖರ್ಚು 14 ಲಕ್ಷಕ್ಕೂ ಹೆಚ್ಚು. ಪರಿಹಾರಕ್ಕಿಂತ ಖರ್ಚೇ ಹಲವು ಪಟ್ಟು ದೊಡ್ಡದು ಎಂಬುದನ್ನು ವ್ಯಾಪಾರಿಗಳು ಮನಸ್ಸಿಗೆ ತಂದುಕೊಳ್ಳಬೇಕು. ಕಂಪನಿಗಳ ವಕೀಲರ ಫೀಸು ನಿಮ್ಮ ಲೆಕ್ಕಕ್ಕೆ ಬೀಳಬಹುದು.

ಹೆಸರೇ ಇರಬೇಕೆಂದೂ ಇಲ್ಲ. ಶೂ ಬದಿಯ ಮೂರು ಪಟ್ಟೆ, ಜೀನ್ಸ್ ಹಿಂಜೇಬಿನ ಹೊಲಿಗೆ, ಬ್ಯಾಗಿನ ಮೈತುಂಬ ಹರಡಿದ ಅಕ್ಷರ ಚಿತ್ತಾರ, ಇವೂ ನೋಂದಣಿಯಾದ ಗುರುತುಗಳೇ. ಕ್ರಿಶ್ಚಿಯನ್ ಲೂಬುಟಾನ್ ಚಪ್ಪಲಿಗಳ ಕೆಂಪು ಅಟ್ಟೆಯನ್ನು ದೆಹಲಿ ಹೈಕೋರ್ಟ್ 2017ರಲ್ಲಿ ಸುಪ್ರಸಿದ್ಧ ಗುರುತು ಎಂದು ಘೋಷಿಸಿತು. ಸುಪ್ರಸಿದ್ಧ ಗುರುತಾದರೆ ರಕ್ಷಣೆ ಇನ್ನೂ ಅಗಲ: ಬೇರೆ ಬಗೆಯ ಮಾಲಿಗೂ ಅದನ್ನು ಬಳಸುವಂತಿಲ್ಲ. ರೋಲೆಕ್ಸ್ ಮಾಡುವುದು ವಾಚು. ಆ ಹೆಸರನ್ನು ಕೃತಕ ಆಭರಣಕ್ಕೆ ಇಟ್ಟವರನ್ನು ದೆಹಲಿ ಹೈಕೋರ್ಟ್ 2009ರಲ್ಲಿ ತಡೆಯಿತು.

5. ಸ್ಟೈಲ್ ಯಾರಪ್ಪನ ಆಸ್ತಿಯೂ ಅಲ್ಲ, ಧೈರ್ಯವಾಗಿ ತೆಗೆದುಕೊಳ್ಳಿ

ಇಷ್ಟೆಲ್ಲ ಹೆದರಿಸಿದ ಮೇಲೆ ಧೈರ್ಯವನ್ನೂ ಹೇಳಬೇಕು. ಟ್ರೇಡ್‌ಮಾರ್ಕ್ ಕಾಪಾಡುವುದು ‘ಇದು ಯಾರ ಮಾಲು’ ಎಂದು ಹೇಳುವ ಗುರುತನ್ನು. ಈ ವರ್ಷ ಎಲ್ಲರೂ ಸಡಿಲ ಪ್ಯಾಂಟು ಹಾಕುತ್ತಾರೆ, ದಪ್ಪ ಅಟ್ಟೆಯ ಬಿಳಿ ಶೂ ಓಡುತ್ತಿದೆ, ಚಿಕ್ಕ ಕೈಚೀಲದ ಹುಚ್ಚು ಹಿಡಿದಿದೆ ಎಂದರೆ ಅಂಥದ್ದನ್ನು ನೀವೂ ಹೊಲಿಸಿ ನಿಮ್ಮ ಹೆಸರಲ್ಲಿ ಮಾರಬಹುದು. ಫ್ಯಾಷನ್ ಬೆಳೆದಿರುವುದೇ ಒಬ್ಬರನ್ನೊಬ್ಬರು ನೋಡಿ. ಕಟಿಂಗ್, ಬಣ್ಣ, ಬಟ್ಟೆಯ ಆಯ್ಕೆ, ಅದು ಮೈಮೇಲೆ ಬೀಳುವ ರೀತಿ ಇವುಗಳಲ್ಲಿ ದೊಡ್ಡವರಿಂದ ಕಲಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೂ ಎರಡು ಎಚ್ಚರಿಕೆ. ಒಂದು, ನಿರ್ದಿಷ್ಟ ವಿನ್ಯಾಸವನ್ನು 2000ದ ಡಿಸೈನ್ಸ್ ಕಾಯ್ದೆಯಡಿ ಯಾರಾದರೂ ನೋಂದಾಯಿಸಿದ್ದರೆ ಅದಕ್ಕೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಇರುತ್ತದೆ. ನೋಂದಾಯಿಸಬಹುದಾಗಿದ್ದರೂ ನೋಂದಾಯಿಸದೆ ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದುಬಿಟ್ಟರೆ ಆ ವಿನ್ಯಾಸದ ಮೇಲಿನ ಕಾಪಿರೈಟ್ ಕೂಡ ಮುಗಿಯುತ್ತದೆ. ನೀವೇ ಹೊಸ ವಿನ್ಯಾಸ ಮಾಡುವವರಾದರೆ ಈ ಮಾತನ್ನು ತಿರುಗಿಸಿ ಓದಿಕೊಳ್ಳಿ: ಮಾರುಕಟ್ಟೆಗೆ ಬಿಡುವ ಮೊದಲೇ ನೋಂದಾಯಿಸಿ. ಎರಡನೆಯದು, ಕಾರ್ಟೂನ್ ಪಾತ್ರಗಳು, ಸಿನಿಮಾ ಪೋಸ್ಟರಿನ ಚಿತ್ರ ಸ್ಟೈಲ್ ಅಲ್ಲ. ಮಕ್ಕಳ ಟೀ ಶರ್ಟ್ ಮೇಲೆ ಅವನ್ನು ಹೊಡೆಯುವುದು ಕಾಪಿರೈಟ್ ತಂಟೆ.

6. ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಮಾತನ್ನು ನಂಬುವ ಮೊದಲು ಲೇಬಲ್ ನೋಡಿ

ಬೆಂಗಳೂರಿನಲ್ಲಿ ಈ ಸೂತ್ರಕ್ಕೆ ಇರುವಷ್ಟು ಕೆಲಸ ಬೇರೆ ಯಾವುದಕ್ಕೂ ಇಲ್ಲ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಹೊಲಿದ ಬಟ್ಟೆ ಪ್ರಪಂಚದ ದೊಡ್ಡ ಬ್ರಾಂಡುಗಳಿಗೆ ಹೋಗುತ್ತದೆ. ಆದ್ದರಿಂದಲೇ ‘ಸರ್‌ಪ್ಲಸ್’ ಎಂದರೆ ಇಲ್ಲಿ ಯಾರೂ ಅನುಮಾನಿಸುವುದಿಲ್ಲ. ಆದರೆ ಆ ಹೆಸರಿನಡಿ ಬರುವ ಮಾಲು ಮೂರು ಬಗೆ.

ಮೊದಲನೆಯದು, ಬ್ರಾಂಡಿನವರೇ ಬೇಡವೆಂದು ಬಿಟ್ಟ, ಮಾರಲು ಒಪ್ಪಿಗೆ ಕೊಟ್ಟ ರಿಜೆಕ್ಟ್ ಮಾಲು. ಒಪ್ಪಿಗೆ ಕೊಡುವಾಗ ಅವರು ಸಾಮಾನ್ಯವಾಗಿ ಲೇಬಲ್ ಕತ್ತರಿಸಲು, ಇಲ್ಲವೇ ಗೆರೆ ಹೊಡೆಯಲು ಹೇಳುತ್ತಾರೆ. ಇದನ್ನು ಮಾರಬಹುದು. ಎರಡನೆಯದು, ಆರ್ಡರಿಗಿಂತ ಹೆಚ್ಚು ಹೊಲಿದು ಹಿಂಬಾಗಿಲಿನಿಂದ ಹೊರಗೆ ಬಂದ ಮಾಲು. ಅದೇ ಫ್ಯಾಕ್ಟರಿ, ಅದೇ ಬಟ್ಟೆ, ಅದೇ ಸೂಜಿ. ಆದರೂ ಕಾನೂನಿನಲ್ಲಿ ಅದು ಅಸಲಿ ಅಲ್ಲ. ಗುರುತಿನ ಮಾಲೀಕನೇ, ಅಥವಾ ಅವನ ಒಪ್ಪಿಗೆಯಿಂದ ಬೇರೆಯವರು, ಮಾರುಕಟ್ಟೆಗೆ ಬಿಟ್ಟ ಮಾಲನ್ನು ಮಾತ್ರ ಮತ್ತೊಬ್ಬರು ಮರುಮಾರಾಟ ಮಾಡಬಹುದು ಎನ್ನುತ್ತದೆ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಸೆಕ್ಷನ್. ಹಿಂಬಾಗಿಲಿಗೆ ಮಾಲೀಕನ ಒಪ್ಪಿಗೆ ಇರುವುದಿಲ್ಲ. ಮೂರನೆಯದು ಯಾವ ರಫ್ತು ಫ್ಯಾಕ್ಟರಿಯನ್ನೂ ಕಾಣದ ಮಾಲು. ಎಲ್ಲೋ ಹೊಲಿದು, ಬೇರೆ ಕಡೆ ನೇಯಿಸಿದ ಲೇಬಲ್ ಹಚ್ಚಿ, ಸರ್‌ಪ್ಲಸ್ ಎಂದು ಹೆಸರಿಟ್ಟದ್ದು.

ಲಾಟ್ ಎತ್ತುವ ಮುನ್ನ ಹೀಗೆ ಮಾಡಿ. ಫ್ಯಾಕ್ಟರಿಯ ಹೆಸರಿರುವ ಪಕ್ಕಾ ಬಿಲ್ ಕೇಳಿ. ಖರೀದಿದಾರ ಬ್ರಾಂಡ್ ದೇಶದೊಳಗೆ ಮಾರಲು ಒಪ್ಪಿದೆ ಎಂಬ ಕಾಗದ ಕೇಳಿ. ಕಾಗದವಿಲ್ಲದೆಯೂ ಮಾಲು ಒಳ್ಳೆಯದಿದೆ, ಕೊಳ್ಳಲೇಬೇಕು ಅನ್ನಿಸಿದರೆ ಬ್ರಾಂಡಿನ ಗುರುತು ಒಂದೂ ಇಲ್ಲದ ಪೀಸುಗಳನ್ನು ಮಾತ್ರ ಎತ್ತಿ. ಕುತ್ತಿಗೆಯ ಲೇಬಲ್ ತೆಗೆದು ಎದೆಯ ಮೇಲಿನ ಮೊಸಳೆಯನ್ನು ಬಿಟ್ಟರೆ ಉಪಯೋಗವಿಲ್ಲ. ಗುಂಡಿಯ ಮೇಲೂ ಜಿಪ್ಪಿನ ತುದಿಯಲ್ಲೂ ಹೆಸರು ಕೆತ್ತಿರುತ್ತದೆ, ನೋಡಿ. ಗುರುತಿಲ್ಲದ ಒಳ್ಳೆಯ ಬಟ್ಟೆಗೆ ಹಳ್ಳಿ ಸಂತೆಯಿಂದ ಮಾಲ್‌ವರೆಗೆ ಎಲ್ಲ ಕಡೆ ಗಿರಾಕಿಗಳಿದ್ದಾರೆ.

7. ಬಿಲ್ ಇಲ್ಲದ ಮಾಲು ಒಳಗೆ ಬರಬಾರದು

104ನೇ ಸೆಕ್ಷನ್ ಮಾರಿದವನಿಗೆ ತಪ್ಪಿಸಿಕೊಳ್ಳುವ ಮೂರು ಬಾಗಿಲು ಇಟ್ಟಿದೆ. ಎಲ್ಲ ಎಚ್ಚರಿಕೆ ವಹಿಸಿದ್ದೆ, ಅನುಮಾನಕ್ಕೆ ಕಾರಣವೇ ಇರಲಿಲ್ಲ ಎಂದು ತೋರಿಸುವುದು ಒಂದು. ಕೇಳಿದ ಕೂಡಲೇ, ಮಾಲು ಕೊಟ್ಟವನ ಬಗ್ಗೆ ತನಗೆ ಗೊತ್ತಿರುವುದನ್ನೆಲ್ಲ ಹೇಳುವುದು ಎರಡು. ಇನ್ನಾವುದೇ ರೀತಿಯಲ್ಲಿ ತಾನು ನಿರ್ದೋಷಿ ಎಂದು ತೋರಿಸುವುದು ಮೂರು. ಆದರೆ ರುಜುವಾತು ಮಾಡಬೇಕಾದವರು ನೀವು, ಸರ್ಕಾರವಲ್ಲ. ಕಾಗದವಿಲ್ಲದವನು ಯಾವ ಬಾಗಿಲಿಗೂ ಹೋಗಲಾರ.

ಆದ್ದರಿಂದ ಜಿಎಸ್‌ಟಿ ಸಂಖ್ಯೆ, ವಿಳಾಸ, ಮಾಲಿನ ವಿವರ ಇರುವ ಬಿಲ್ ತಗೊಳ್ಳಿ. ಕಚ್ಚಾ ಚೀಟಿಯಲ್ಲಿ ‘ಲೇಡೀಸ್ ಬ್ಯಾಗ್ 40’ ಎಂದಿದ್ದರೆ ಅದು ಯಾವ ಬ್ಯಾಗೆಂದು ಯಾರಿಗೂ ಗೊತ್ತಾಗುವುದಿಲ್ಲ. ಬ್ರಾಂಡ್ ಮಾಲಾದರೆ ಕೊಡುವವನು ಅಧಿಕೃತ ಡೀಲರ್ ಎಂಬ ಪತ್ರದ ಪ್ರತಿ ಇಟ್ಟುಕೊಳ್ಳಿ. ಹಣವನ್ನು ಬ್ಯಾಂಕ್ ಮೂಲಕ ಅಥವಾ ಯುಪಿಐ ಮೂಲಕ ಕಟ್ಟಿ. ಏಜೆಂಟನ ಜತೆಗಿನ ಚಾಟ್ ಅಳಿಸಬೇಡಿ.

ಬೆಲೆಯೂ ಸಾಕ್ಷಿಯೇ ಎಂಬುದನ್ನು ನೆನಪಿಡಿ. 12,000 ರೂಪಾಯಿಯ ಶೂ 700ಕ್ಕೆ ಬಂದರೆ ‘ಅನುಮಾನವೇ ಬರಲಿಲ್ಲ’ ಎಂಬ ಮಾತು ಯಾವ ಮ್ಯಾಜಿಸ್ಟ್ರೇಟರ ಮುಂದೆಯೂ ನಿಲ್ಲುವುದಿಲ್ಲ.

8. ಹಳೆಯ ಅಸಲಿ, ಹೊರದೇಶದ ಅಸಲಿ ಮಾರಲು ಅಂಜಬೇಡಿ

ಅಸಲಿ ಮಾಲನ್ನು ಕೊಂಡವನು ಅದನ್ನು ಮತ್ತೆ ಮಾರಬಹುದು. ಬಳಸಿದ ಡಿಸೈನರ್ ಬ್ಯಾಗು, ವಾಚುಗಳ ಮರುಮಾರಾಟ ಇದೇ ಆಧಾರದ ಮೇಲೆ ನಡೆಯುತ್ತಿದೆ. ಮೂಲ ಬಿಲ್, ಸೀರಿಯಲ್ ನಂಬರು, ಫೋಟೊ ಇಟ್ಟುಕೊಳ್ಳಿ. ಬಣ್ಣ ಬದಲಿಸಿ, ನಂಬರು ಕೆರೆದು, ಭಾಗ ಬದಲಾಯಿಸಿ ಮಾರಿದರೆ ಮಾಲೀಕ ಆಕ್ಷೇಪಿಸಬಹುದು.

ಹೊರದೇಶದಲ್ಲಿ ಅಸಲಿ ಮಾಲು ಕೊಂಡು ಇಲ್ಲಿ ತಂದು ಮಾರುವುದರ ಬಗ್ಗೆ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ, ಸ್ಯಾಮ್‌ಸಂಗ್ ಪ್ರಿಂಟರುಗಳ ವ್ಯಾಜ್ಯದಲ್ಲಿ, ಮುಖ್ಯವಾದ ತೀರ್ಪು ಕೊಟ್ಟಿತು: ಮಾರಬಹುದು, ಆದರೆ ಇದು ಆಮದು ಮಾಡಿದ ಮಾಲು, ಕಂಪನಿಯ ವಾರಂಟಿ ಇಲ್ಲ, ಸರ್ವೀಸ್ ನಮ್ಮದೇ ಎಂದು ಎದ್ದು ಕಾಣುವಂತೆ ಹಾಕಬೇಕು. ಆ ಬೋರ್ಡು ಹಾಕಲು ನಾಚಿಕೆ ಬೇಡ.

9. ಆನ್‌ಲೈನ್ ಅಂಗಡಿಗೆ ಊರೇ ಇಲ್ಲ, ದಾವೆಗೂ ಇಲ್ಲ

ಹಾವೇರಿಯಲ್ಲಿ ಕೂತು ಇನ್‌ಸ್ಟಾಗ್ರಾಂ ಲೈವ್‌ನಲ್ಲಿ ಬ್ಯಾಗ್ ತೋರಿಸಿ, ದೇಶವಿಡೀ ಕೊರಿಯರ್ ಮಾಡುವವರು ಒಂದು ವಿಷಯ ತಿಳಿದಿರಲಿ. ಇಡೀ ದೇಶಕ್ಕೆ ಮಾರುವವನು ನಮ್ಮೂರಿನಲ್ಲೂ ವ್ಯಾಪಾರ ಮಾಡುತ್ತಿದ್ದಾನೆ ಎಂದು ವಾದಿಸಿ ಕಂಪನಿಗಳು ದೆಹಲಿ ಹೈಕೋರ್ಟಿನಲ್ಲೇ ದಾವೆ ಹೂಡುತ್ತವೆ. ಹಾವೇರಿಯಿಂದ ದೆಹಲಿಗೆ ಓಡಾಡುವ ಖರ್ಚೇ ಒಂದು ಶಿಕ್ಷೆ.

ಮೊತ್ತಗಳೂ ಸಣ್ಣವಲ್ಲ. ಕಾರ್ಟಿಯರ್ ಮತ್ತಿತರ ಐಷಾರಾಮಿ ಬ್ರಾಂಡುಗಳ ನಕಲಿ ವಾಚು ಮಾರುತ್ತಿದ್ದ ಆನ್‌ಲೈನ್ ಅಂಗಡಿಯೊಂದರ ವಿರುದ್ಧ ಅದೇ ಕೋರ್ಟ್ 2016ರಲ್ಲಿ 1 ಕೋಟಿ ರೂಪಾಯಿ ದಂಡನಾತ್ಮಕ ಪರಿಹಾರ ವಿಧಿಸಿತು. ನಕಲಿ ಪೂಮಾ ಶೂ ಮಾಡುತ್ತಿದ್ದ ಆಗ್ರಾದ ತಯಾರಕನಿಗೆ 2023ರಲ್ಲಿ 10 ಲಕ್ಷದ ಪರಿಹಾರ ಬಿತ್ತು. ವೇದಿಕೆ ನಡೆಸುವವರೂ ‘ನಾವು ಮಧ್ಯವರ್ತಿಗಳಷ್ಟೇ’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಮಾಲನ್ನು ಅಸಲಿ ಎಂದು ಖಾತರಿ ಕೊಡುವುದು, ಪ್ರಚಾರ ಮಾಡುವುದು, ಪ್ಯಾಕ್ ಮಾಡಿ ಕಳಿಸುವುದು ಹೀಗೆ ಮಾರಾಟದಲ್ಲಿ ತೊಡಗಿಕೊಂಡರೆ ಐಟಿ ಕಾಯ್ದೆಯ 79ನೇ ಸೆಕ್ಷನ್ನಿನ ರಕ್ಷಣೆ ಸಿಗದು ಎಂದು ಲೂಬುಟಾನ್ ಹೂಡಿದ ಇನ್ನೊಂದು ದಾವೆಯಲ್ಲಿ 2018ರಲ್ಲಿ ತೀರ್ಪಾಗಿದೆ. ಸ್ಟಾಕ್ ಇಲ್ಲದೆ ರೀಸೆಲ್ಲಿಂಗ್ ಮಾಡುವ ಗೃಹಿಣಿಯರು ಇದನ್ನು ಎರಡು ಸಲ ಓದಿ. ಮಾಲನ್ನು ನೀವು ಕಣ್ಣಿಂದ ನೋಡದಿದ್ದರೂ ಜಾಹೀರಾತು ನಿಮ್ಮದು, ಹಣ ಬಂದದ್ದು ನಿಮ್ಮ ಖಾತೆಗೆ.

10. ಚೀನಾದಿಂದ ತರಿಸುವವರು ಕಸ್ಟಮ್ಸ್ ನಿಯಮ ಓದಿ

2007ರ ನಿಯಮಗಳ ಪ್ರಕಾರ ಬ್ರಾಂಡ್ ಮಾಲೀಕರು ಕಸ್ಟಮ್ಸ್‌ನಲ್ಲಿ ತಮ್ಮ ಗುರುತನ್ನು ದಾಖಲಿಸಿಡಬಹುದು. ಅನುಮಾನದ ಮಾಲು ಬಂದರಿನಲ್ಲೇ ನಿಲ್ಲುತ್ತದೆ. ನಕಲಿ ಎಂದಾದರೆ ನಾಶವಾಗುತ್ತದೆ. ಸ್ವಂತ ಬಳಕೆಗೆ ಲಗೇಜಿನಲ್ಲಿ ತಂದ ಒಂದೆರಡು ವಸ್ತುಗಳಿಗೆ ವಿನಾಯಿತಿ ಇದೆ, ವ್ಯಾಪಾರಕ್ಕೆ ಇಲ್ಲ. ಮುಂಗಡ ಕೊಟ್ಟ ಹಣ ವಾಪಸು ಬಂದ ಉದಾಹರಣೆ ಕೇಳಿದ್ದು ಕಡಿಮೆ.

11. ರೇಡ್ ಬಂದ ದಿನ ಏನು ಮಾಡಬೇಕೆಂದು ಇಂದೇ ತಿಳಿದಿರಿ

ತಪ್ಪು ಮಾಡದವರ ಅಂಗಡಿಗೂ ಬರಬಹುದು. ಪಕ್ಕದವನ ಮಾಲು ನಿಮ್ಮ ಶೆಲ್ಫಿನಲ್ಲಿ ಸೇರಿರಬಹುದು. ಬರುವವರು ಎರಡು ಬಗೆ.

ಒಂದು, ಪೊಲೀಸರು. ಟ್ರೇಡ್‌ಮಾರ್ಕ್ ಕಾಯ್ದೆಯಡಿ ವಾರಂಟ್ ಇಲ್ಲದೆ ಶೋಧಿಸಿ ಜಪ್ತಿ ಮಾಡಲು ಡಿವೈಎಸ್‌ಪಿ ಅಥವಾ ಅದಕ್ಕೆ ಸಮನಾದ ದರ್ಜೆಗಿಂತ ಕೆಳಗಿನವರಿಗೆ ಅಧಿಕಾರವಿಲ್ಲ, ಅವರೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದಿರಬೇಕು. ಇದನ್ನು ತಿಳಿದು ಧೈರ್ಯವಾಗಿರುವವರು ಒಂದನ್ನು ಮರೆಯುತ್ತಾರೆ. ಲೋಗೊ ಒಂದು ಕಲಾಕೃತಿ ಕೂಡ ಆಗಿರುವುದರಿಂದ ದೂರು ಅನೇಕ ಬಾರಿ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ನಿನಡಿಯೂ ದಾಖಲಾಗುತ್ತದೆ. ಆ ಕಾಯ್ದೆಯಡಿ ಸಬ್‌ಇನ್‌ಸ್ಪೆಕ್ಟರ್ ದರ್ಜೆಯವರೇ ಜಪ್ತಿ ಮಾಡಬಲ್ಲರು, ರಿಜಿಸ್ಟ್ರಾರರ ಅಭಿಪ್ರಾಯವೂ ಬೇಕಿಲ್ಲ. ಅದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಎರಡನೆಯವರು ಕೋರ್ಟ್ ನೇಮಿಸಿದ ಕಮಿಷನರ್, ಸಾಮಾನ್ಯವಾಗಿ ಒಬ್ಬ ವಕೀಲರು. ಅವರ ಕೈಯಲ್ಲಿರುವ ಆದೇಶದಲ್ಲಿ ನಿಮ್ಮ ಹೆಸರೇ ಇಲ್ಲದಿರಬಹುದು. ಯಾರೆಂದು ಗೊತ್ತಿಲ್ಲದ ಮಾರಾಟಗಾರರಿಗೆ ನಮ್ಮ ನ್ಯಾಯಾಲಯಗಳು ‘ಅಶೋಕ್ ಕುಮಾರ್’ ಎಂಬ ಹೆಸರಿಟ್ಟು ಆದೇಶ ಕೊಡುತ್ತವೆ. ನಾನು ಅಶೋಕ್ ಕುಮಾರ್ ಅಲ್ಲ ಎಂದು ಬಾಗಿಲು ಹಾಕಿದರೆ ಆದೇಶಕ್ಕೆ ಅಡ್ಡಿ ಮಾಡಿದಂತಾಗುತ್ತದೆ.

ಗುರುತಿನ ಚೀಟಿ, ಆದೇಶದ ಪ್ರತಿ ಕೇಳಿ ಪಡೆಯಿರಿ. ಕೂಗಾಡಬೇಡಿ, ಮಾಲು ಹಿಂಬಾಗಿಲಿನಿಂದ ಸಾಗಿಸಬೇಡಿ. ಎಣಿಸುವಾಗ ಪಕ್ಕದಲ್ಲೇ ನಿಂತು ನೀವೂ ಎಣಿಸಿ. ಮಹಜರಿನಲ್ಲಿ ಬರೆದ ಸಂಖ್ಯೆ ಸರಿಯಿದೆಯೆಂದು ನೋಡಿ ಸಹಿ ಹಾಕಿ, ಪ್ರತಿ ಕೇಳಿ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಓದಿಸಿಕೊಳ್ಳದೆ ಸಹಿ ಬೇಡ. ಮಾಲು ಕೊಟ್ಟವನ ಬಿಲ್ ಅಲ್ಲೇ ತೋರಿಸಿ. ಪೊಲೀಸರು ಜಪ್ತಿ ಮಾಡಿದ್ದರಲ್ಲಿ ನಿಮ್ಮ ಸರಿಯಾದ ಮಾಲೂ ಸೇರಿದ್ದರೆ ಅದನ್ನು ಬಿಡಿಸಿಕೊಡಿ ಎಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು 15 ದಿನ ಮಾತ್ರ ಇದೆ, ತಡ ಮಾಡಬೇಡಿ. ಕಮಿಷನರ್ ಮೊಹರು ಹಾಕಿ ನಿಮ್ಮ ಸುಪರ್ದಿಗೇ ಬಿಟ್ಟ ಮಾಲಿನಲ್ಲಿ ಒಂದನ್ನೂ ಮುಟ್ಟಬಾರದು.

ತಡೆಯಾಜ್ಞೆ ಬಂದ ಮೇಲೆ ಮಾರುವುದಂತೂ ಆತ್ಮಘಾತ. ಹಾಗೆ ಮಾರುವುದನ್ನು ಮುಂದುವರಿಸಿದ ದೆಹಲಿಯ ವ್ಯಾಪಾರಿಯೊಬ್ಬರಿಗೆ 2023ರಲ್ಲಿ ಹೈಕೋರ್ಟ್, ಲೂಯಿ ವಿಟಾನ್‌ಗೆ 5 ಲಕ್ಷ ಕಟ್ಟಿ, ಕಟ್ಟದಿದ್ದರೆ ಒಂದು ವಾರ ತಿಹಾರ್ ಜೈಲು ಎಂದಿತು. ಮೊದಲ ನೋಟಿಸ್ ಬಂದಾಗಲೇ ವಕೀಲರನ್ನು ಕಂಡು, ಮಾಲು ಒಪ್ಪಿಸಿ, ಇನ್ನು ಮಾರುವುದಿಲ್ಲ ಎಂದು ಬರೆದುಕೊಟ್ಟು, ಮೂಲ ತಿಳಿಸಿ ರಾಜಿ ಮಾಡಿಕೊಂಡವರು ಕಡಿಮೆ ನಷ್ಟದಲ್ಲಿ ಹೊರಬಂದಿದ್ದಾರೆ.

12. ನಿಮ್ಮದೇ ಹೆಸರು ನೋಂದಾಯಿಸಿ

ಬೇರೆಯವರ ಹೆಸರಲ್ಲಿ ಹತ್ತು ವರ್ಷ ಮಾರಿದರೂ ಬೆಳೆಯುವುದು ಅವರ ಹೆಸರು. ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಬಟ್ಟೆ, ಪಾದರಕ್ಷೆಗೆ 25ನೇ ವರ್ಗ, ಬ್ಯಾಗು, ಚರ್ಮದ ಮಾಲಿಗೆ 18, ವಾಚು, ಆಭರಣಕ್ಕೆ 14, ಅಂಗಡಿಯ ಸೇವೆಗೆ 35. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಅರ್ಜಿ ಹಾಕುವ ಮುನ್ನ ಇಲಾಖೆಯ ತಾಣದಲ್ಲಿ ಅಂಥದೇ ಹೆಸರು ಇದೆಯೇ ಎಂದು ಉಚಿತವಾಗಿ ಹುಡುಕಬಹುದು. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರಾದರೂ ಆಕ್ಷೇಪಿಸಲು ಅವಕಾಶ. ನೋಂದಣಿಯಾದರೆ 10 ವರ್ಷ, ನವೀಕರಿಸುತ್ತ ಹೋದರೆ ಎಂದೆಂದಿಗೂ.

ಹೆಸರಿನ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ‘ಉತ್ತಮ ಕಾಟನ್’, ‘ಬೆಸ್ಟ್ ಲೆದರ್’ ಎಂಬಂಥ ಹೆಸರು ಮಾಲಿನ ಗುಣ ಹೇಳುತ್ತದೆ, ನಿಮ್ಮನ್ನು ಹೇಳುವುದಿಲ್ಲ. ನೋಂದಣಿ ಸಿಗುವುದು ಕಷ್ಟ. ಮಾಲಿಗೆ ಸಂಬಂಧವಿಲ್ಲದ, ಕೇಳಲು ಚಂದವಾದ ಪದ ಹುಡುಕಿ. ಕನ್ನಡದಲ್ಲಿ ಹಾಗೆ ಕಾದು ಕೂತ ಪದಗಳಿಗೆ ಬರವಿಲ್ಲ. ಅರ್ಜಿ ಹಾಕಿದ ಮೇಲೆ ‘ಟಿಎಂ’ ಎಂದು ಬರೆಯಬಹುದು; ವೃತ್ತದೊಳಗಿನ ‘ಆರ್’ ಚಿಹ್ನೆಯನ್ನು ನೋಂದಣಿ ಕೈಗೆ ಬರುವವರೆಗೆ ಬಳಸಬೇಡಿ, ಅದೂ ಕಾಯ್ದೆಗೆ ವಿರುದ್ಧ. ಮೊದಲ ದಿನದ ಬಿಲ್ಲು, ಬೋರ್ಡಿನ ಫೋಟೊ ಜೋಪಾನ ಮಾಡಿ. ನಾಳೆ ಯಾರಾದರೂ ನಿಮ್ಮ ಹೆಸರು ಕದ್ದರೆ, ಮೊದಲು ಬಳಸಿದವರು ನೀವು ಎಂದು ತೋರಿಸಲು ಅವು ಬೇಕು.

13. ನಮ್ಮ ನೆಲದ ಹೆಸರುಗಳನ್ನೂ ನಕಲು ಮಾಡಬೇಡಿ

ಫ್ರಾನ್ಸ್, ಇಟಲಿಯ ಬ್ರಾಂಡಿನ ಬಗ್ಗೆ ಇಷ್ಟು ಹೇಳಿ ನಮ್ಮವರನ್ನು ಬಿಟ್ಟರೆ ಅನ್ಯಾಯ. ಮೈಸೂರು ಸಿಲ್ಕ್, ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಚನ್ನಪಟ್ಟಣದ ಗೊಂಬೆ, ನವಲಗುಂದದ ಜಮಖಾನೆ, ಕಸೂತಿ ಇವೆಲ್ಲ ಭೌಗೋಳಿಕ ಸೂಚಕ, ಅಂದರೆ ಜಿಐ ನೋಂದಣಿ ಪಡೆದ ಹೆಸರುಗಳು. ಪಾಲಿಯೆಸ್ಟರ್ ಸೀರೆಗೆ ‘ಮೈಸೂರು ಸಿಲ್ಕ್’ ಎಂದು ಚೀಟಿ ಅಂಟಿಸಿದವನಿಗೆ ಜಿಐ ಕಾಯ್ದೆಯ ಶಿಕ್ಷೆಯೂ 6 ತಿಂಗಳಿಂದ 3 ವರ್ಷ. ಗುಚ್ಚಿಯ ನಕಲಿಯಿಂದ ಗುಚ್ಚಿಗೆ ಆಗುವ ನಷ್ಟಕ್ಕಿಂತ ಇಳಕಲ್ ಹೆಸರಿನ ಯಂತ್ರದ ಸೀರೆಯಿಂದ ಒಬ್ಬ ನೇಕಾರನ ಮನೆಗೆ ಆಗುವ ನಷ್ಟ ನನ್ನನ್ನು ಹೆಚ್ಚು ಕಾಡುತ್ತದೆ. ಗುಚ್ಚಿಗೆ ವಕೀಲರಿದ್ದಾರೆ.

ಕೊಲ್ಹಾಪುರಿ ಚಪ್ಪಲಿಯ ಕತೆ ಇದಕ್ಕೆ ಹತ್ತಿರದ್ದು. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. ಅಥಣಿ, ನಿಪ್ಪಾಣಿ ಕಡೆಯ ಕುಟುಂಬಗಳು ತಲೆಮಾರುಗಳಿಂದ ಇದನ್ನು ಹೊಲಿಯುತ್ತಿವೆ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಷೋನಲ್ಲಿ ಪ್ರಾಡಾ ಇಂಥದೇ ಚಪ್ಪಲಿ ತೋರಿಸಿ ‘ಚರ್ಮದ ಸ್ಯಾಂಡಲ್’ ಎಂದಷ್ಟೇ ಕರೆಯಿತು. ದೇಶದಲ್ಲಿ ಸಿಟ್ಟು ಹೊತ್ತಿತು, ಪ್ರಾಡಾ ತನ್ನ ಸ್ಫೂರ್ತಿಯ ಮೂಲ ಒಪ್ಪಿಕೊಂಡಿತು. ಬಾಂಬೆ ಹೈಕೋರ್ಟ್ ಮಾತ್ರ ಜುಲೈನಲ್ಲಿ ವಕೀಲರು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ತಳ್ಳಿಹಾಕಿತು. ಹಕ್ಕಿನ ನೋಂದಾಯಿತ ಮಾಲೀಕರು ಬರಬೇಕು ಎಂಬುದು ಅದರ ಕಾರಣ. ಐದನೇ ಸೂತ್ರದ ಇನ್ನೊಂದು ಮುಖ ಇದು. ಸ್ಟೈಲ್ ಎಲ್ಲರದ್ದು, ಕಾನೂನು ಗಟ್ಟಿಯಾಗಿ ಕಾಯುವುದು ಹೆಸರನ್ನು, ಅದೂ ಹೆಸರಿನ ಒಡೆಯರು ಎದ್ದು ನಿಂತಾಗ. ಒಡೆಯರು ಮಾತುಕತೆಗೆ ಕೂತ ಮೇಲೆ ಫಲ ಸಿಕ್ಕಿತು: ಡಿಸೆಂಬರ್‌ನಲ್ಲಿ, ಈ ಜಿಐ ಹೊಂದಿರುವ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್ಕಾಂ ಮತ್ತು ಕರ್ನಾಟಕದ ಲಿಡ್ಕರ್ ಜತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು, ಎರಡೂ ರಾಜ್ಯಗಳ ಕುಶಲಕರ್ಮಿಗಳ ಕೈಯಲ್ಲಿ 2,000 ಜೊತೆ ಮಾಡಿಸಲು.

ನೀವು ಆ ಎಂಟು ಜಿಲ್ಲೆಗಳಲ್ಲಿ ಚಪ್ಪಲಿ ಹೊಲಿಯುವವರಾದರೆ, ಇಳಕಲ್ಲಿನಲ್ಲಿ ಮಗ್ಗ ಇಟ್ಟವರಾದರೆ, ಚನ್ನಪಟ್ಟಣದಲ್ಲಿ ಕಡೆಯುವ ಯಂತ್ರದ ಮುಂದೆ ಕೂರುವವರಾದರೆ, ಜಿಐ ರಿಜಿಸ್ಟ್ರಿಯಲ್ಲಿ ‘ಅಧಿಕೃತ ಬಳಕೆದಾರ’ರಾಗಿ ಸ್ವಂತ ಹೆಸರಲ್ಲಿ ನೋಂದಾಯಿಸಿಕೊಳ್ಳಿ. ಅದಾದರೆ ಜಿಐ ಗುರುತನ್ನು ನಿಮ್ಮ ಮಾಲಿನ ಮೇಲೆ ಹಾಕಬಹುದು, ನಕಲಿ ಮಾರುವವನ ಮೇಲೆ ದಾವೆಯನ್ನೂ ಹೂಡಬಹುದು. 2020ರಲ್ಲಿ ಸರ್ಕಾರ ಇದರ ಅರ್ಜಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದೆ.